ಬೇಗೂರು ಕೆರೆಯ ಬಿಡದ ಫ್ಯಾನು

ಸಮುದ್ರವಿಲ್ಲದ ಊರಿನಲ್ಲಿ ಎಂಜಿನಿಯರಿಂಗ್ ಓದಿದ್ದರಿಂದ ದೋಣಿಗಳ ಕಾಟ ನನಗಿಲ್ಲ ಎಂದುಕೊಂಡಿದ್ದೆ. ಸರ್ಕಾರಿ ನೌಕರಿಯಲ್ಲಿ ಹಾಗೆಲ್ಲ ಅಂದುಕೊಳ್ಳಬಾರದು. ಯಾವುದು ಬರುವುದಿಲ್ಲ ಎನ್ನುತ್ತೇವೋ ಅದೇ ಬಂದು ಕೊರಳಿಗೆ ಬೀಳುತ್ತದೆ.

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನಾನು ಅಲ್ಲಿಂದ ಸೈಕಲ್ ತುಳಿದು ಬೇಗೂರು ಕೆರೆಗೆ ಹೋಗುತ್ತಿದ್ದೆ. ಕೆರೆಯ ಕಳೆ ಎಳೆಯಲು ಇಲಾಖೆ ಒಂದು ಮೋಟಾರ್ ಬೋಟು ಇಟ್ಟಿತ್ತು. ಅದು ಕಲ್ಲಿಗೆ ಬಡಿದು ಶಾಫ್ಟು ಸೊಟ್ಟಗಾಯಿತು. ಹೊಸ ಶಾಫ್ಟು ಬಂದಿತ್ತು. ಆದರೆ ಹಳೆಯದು ಹೊರಬರಬೇಕಾದರೆ ಹೊರತುದಿಯ ಪ್ರೊಪೆಲ್ಲರ್, ಒಳಗೆ ಎಂಜಿನ್ನಿಗೆ ಜೋಡಿಸುವ ಕಪ್ಲಿಂಗ್, ಎರಡೂ ಬಿಡಬೇಕು. ಎರಡೂ ಬಿಡಲಿಲ್ಲ. ಪ್ರೊಪೆಲ್ಲರನ್ನು ಊರವರು ಫ್ಯಾನು ಎನ್ನುತ್ತಿದ್ದರು.

ಸೋಮವಾರ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು. ಅಷ್ಟರಲ್ಲಿ ರಿಪೇರಿ ಆಗುವ ಲಕ್ಷಣ ಕಾಣದಿದ್ದರೆ ಬೋಟು ಹರಾಜು, ಡ್ರೈವರ್ ಮನೆಗೆ. ಡ್ರೈವರ್ ಐವತ್ತು ದಾಟಿದ ಮನುಷ್ಯ.

"ಬೆಂಗಳೂರಲ್ಲಿ ಬೋಟ್ ಓಡ್ಸೋ ಕೆಲ್ಸ ಇನ್ನೆಲ್ಲಿದೆ ಸಾರ್?" ಎಂದ.



ಎತ್ತಿನ ಬಲ

ಬೋಟನ್ನು ದಂಡೆಗೆ ಎಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದೆವು. ಊರ ಗೌಡರೊಬ್ಬರು ಬಂದು ಫ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದಕ್ಯಾಕ್ ಸಾಮಿ ಇಷ್ಟ್ ಯೋಚ್ನೆ? ಗಾಡಿ ಗಾಲಿ ಇದ್ದಂಗೈತೆ. ನಮ್ ಎತ್ತು ಕಟ್ರಿ, ಕಿತ್ಕೊಂಡ್ ಬತ್ತದೆ."

ಅಂಥ ಎತ್ತುಗಳನ್ನು ನಾನು ಮತ್ತೆ ನೋಡಿಲ್ಲ. ಭುಜ ನೋಡಿದರೆ ಎರಡು ಗುಡ್ಡ ನಡೆದು ಬಂದ ಹಾಗೆ. ಫ್ಯಾನಿಗೆ ಹಗ್ಗ ಬಿಗಿದು ಗೌಡರು "ಹೋಯ್" ಎಂದರು. ಎತ್ತುಗಳು ಒಮ್ಮೆ ಉಸಿರೆಳೆದುಕೊಂಡು ಹೊರಟವು. ಫ್ಯಾನು ಅಲುಗಲಿಲ್ಲ. ಅದರ ಹಿಂದೆ ಬೋಟು ಹೊರಟಿತು. ದಿಮ್ಮಿಗಳ ಮೇಲೆ ಉರುಳಿ, ಕೆರೆ ಏರಿ ಪಕ್ಕದ ರಾಗಿ ಹೊಲ ಹೊಕ್ಕು, ಬದುವಿಗೆ ತಾಗಿ ನಿಂತಿತು.

"ಕಿತ್ಕೊಂಡ್ ಬತ್ತದೆ ಅಂದ್ರಲ್ಲ ಗೌಡ್ರೇ?"

"ಬಂತಲ್ಲ ಸಾಮಿ, ಎಲ್ಲಾ ಬಂತು."

ಆ ಬೋಟು ತನ್ನ ಆಯುಷ್ಯದಲ್ಲಿ ಅಷ್ಟು ವೇಗವಾಗಿ ಹೋದದ್ದು ಅದೊಂದೇ ಸಲ. ಅದೂ ಹಿಮ್ಮುಖವಾಗಿ.

ವಿಜ್ಞಾನ

ನಮ್ಮ ಬೀದಿಯಲ್ಲಿ ನಿವೃತ್ತ ಭೌತಶಾಸ್ತ್ರದ ಪ್ರೊಫೆಸರೊಬ್ಬರಿದ್ದರು. ದೇವರು, ಜ್ಯೋತಿಷ್ಯ, ಹೋಮಿಯೋಪತಿ ಮೂರನ್ನೂ ಒಪ್ಪದವರು. ಶನಿವಾರ ಬೆಳಿಗ್ಗೆ ಕೋಟು, ಪಂಚೆಯಲ್ಲಿ ಬಂದರು.

"ಫ್ಯಾನಿನ ನಡುವಿನ ಗುಬುಟು ಕಾಯಿಸಿ. ಅದು ಹಿಗ್ಗುತ್ತೆ. ಒಳಗಿನ ಶಾಫ್ಟು ಬಿಸಿಯಾಗೋದರೊಳಗೆ ಸುತ್ತಿಗೇಲಿ ಹೊಡೀರಿ. ಒಂದು ಕ್ಷಣಾನೂ ತಡ ಮಾಡಬಾರದು."

ಇದ್ದಿಲು ಒಟ್ಟಿ ತಿದಿ ಊದಿದೆವು. ಫ್ಯಾನಿನ ಹಿತ್ತಾಳೆ ಹೊಳೆಯತೊಡಗಿತು. ನಿಜ ಹೇಳುತ್ತೇನೆ, ದೇವಸ್ಥಾನದಲ್ಲಿ ಕೈಮುಗಿಯದ ನಾನು ಆ ಹೊಳಪಿನ ಮುಂದೆ ಟೋಪಿ ತೆಗೆದೆ. ಡ್ರೈವರ್ ಸುತ್ತಿಗೆ ಎತ್ತಿದ. ಎತ್ತಿದವನು ಹಾಗೇ ನಿಂತ.

"ಸಾರ್, ಈಗ ರಾಹುಕಾಲ."

"ಶುದ್ಧ ಮೂಢನಂಬಿಕೆ!" ಎಂದು ಪ್ರೊಫೆಸರ್ ಗುಡುಗಿದರು. ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ಧ್ವನಿ ಇಳಿಯಿತು.

"ಶನಿವಾರ ಒಂಬತ್ತರಿಂದ ಹತ್ತೂವರೆ ಅಲ್ಲವೇ? ಇರಲಿ. ಲೋಹಕ್ಕೂ ಸ್ವಲ್ಪ ವಿಶ್ರಾಂತಿ ಬೇಕಾಗುತ್ತೆ."

ಹತ್ತೂವರೆಗೆ ಅದರ ಮೇಲೆ ಕಾಗೆ ಕೂತಿತ್ತು.

ಪೈಲ್ವಾನ್

ಭಾನುವಾರ ಕಪ್ಲಿಂಗ್ ಕಡೆ ತಿರುಗಿದೆವು. ಅದು ಬೋಟಿನ ತಳದಲ್ಲಿ, ಎಂಜಿನ್ನಿನ ಹಿಂದೆ, ಒಂದು ಇಕ್ಕಟ್ಟು ಗುಂಡಿಯಲ್ಲಿತ್ತು. ಗರಡಿಮನೆಯ ಪೈಲ್ವಾನನನ್ನು ಕರೆಸಿದೆವು. ಅವನ ಮುಂಗೈ ನನ್ನ ತೊಡೆಯಷ್ಟಿತ್ತು. ಸ್ಪ್ಯಾನರ್ ಹಿಡಿದು ತಲೆ ಮುಂದಾಗಿ ಇಳಿದ. ಒಳಗಿನಿಂದ ಒಂದು ಹೂಂಕಾರ, ಲಟಕ್ಕೆಂಬ ಸದ್ದು. ವಾರದಿಂದ ಜಗ್ಗದಿದ್ದ ಕಪ್ಲಿಂಗ್ ಒಂದೇ ಪಟ್ಟಿಗೆ ಬಿಟ್ಟಿತು. ನಾವು ಬಾಯಿ ತೆರೆದು ನಿಂತೆವು.

"ಭಲೇ! ಈಗ ಮೇಲೆ ಬಾರಪ್ಪ."

ಕಾಲುಗಳು ಒಮ್ಮೆ ಒದ್ದಾಡಿದವು. ಬಳಿಕ ಆಳದಿಂದ ಸಣ್ಣ ಧ್ವನಿ: "ಅಣ್ಣಾ, ಬರಕ್ಕಾಯ್ತಿಲ್ಲ."

ಕಪ್ಲಿಂಗಿಗೆಂದು ತಂದ ಹರಳೆಣ್ಣೆಯನ್ನೆಲ್ಲ ಪೈಲ್ವಾನನಿಗೇ ಸುರಿಯಬೇಕಾಯಿತು.

ಸಾಹೇಬರು

ಉಳಿದದ್ದು ಫ್ಯಾನು. ಸೋಮವಾರ ಬೆಳಿಗ್ಗೆ ಲಾರಿ ಶೆಡ್ಡಿನಿಂದ ಒಂದು ಪುಲ್ಲರ್ ತಂದೆ. ಮೂರು ಕಾಲುಗಳಿಂದ ಫ್ಯಾನನ್ನು ತಬ್ಬಿ, ನಡುವಿನ ತಿರುಪಿನಿಂದ ಶಾಫ್ಟನ್ನು ಒತ್ತುವ ಉಪಕರಣ. ಇನ್ನು ತಿರುಗದು ಎನ್ನುವವರೆಗೆ ಬಿಗಿದೆ. ಬಿಟ್ಟ ಕೂಡಲೇ ಫ್ಯಾನು ಹಾರಿಹೋಗದಿರಲಿ ಎಂದು ತುದಿಯ ನಟ್ಟನ್ನು ಪೂರ್ತಿ ಕಳಚದೆ ಉಳಿಸಿದ್ದೆ. ಕಬ್ಬಿಣ ಕಿರುಗುಟ್ಟಿತು. ಫ್ಯಾನು ಕದಲಲಿಲ್ಲ.

ಜೀಪು ಬಂತು. ಸಾಹೇಬರು ಇಳಿದು, ಕೈಕಟ್ಟಿ ನಿಂತು ನೋಡಿದರು.

"ಏನ್ರೀ ಇದು? ಒಂದು ಫ್ಯಾನ್ ಬಿಚ್ಚೋಕೆ ಆಗಲಿಲ್ವಾ? ಹರಾಜಿಗೆ ಹಾಕಿ, ಮುಗೀತು."

ಡ್ರೈವರ್ ಮುಖ ಬೂದಿಯಾಯಿತು. ದಂಡೆಯ ಮೇಲಿದ್ದ ತನ್ನ ಗುಡಿಸಲಿಗೆ ಹೋಗಿ ತೆಂಗಿನಕಾಯಿ ತಂದ.

"ಏನಯ್ಯಾ ಮಾಡ್ತಿದೀಯ?" ಎಂದೆ.

"ದೃಷ್ಟಿ ತಾಗೈತೆ ಸಾರ್," ಎಂದು ಸಾಹೇಬರ ಕಡೆ ಒಮ್ಮೆ ನೋಡಿದ. ಫ್ಯಾನಿಗೆ ಮೂರು ಸಲ ಕಾಯಿ ನಿವಾಳಿಸಿ, ಎರಡು ಕೈಯಲ್ಲೂ ಎತ್ತಿ ಅದರ ಗುಬುಟಿಗೆ ಅಪ್ಪಳಿಸಿದ.

ಢಂ!

ಕೋವಿ ಹಾರಿದಂಥ ಸದ್ದು. ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಫ್ಯಾನು ಎರಡು ಬೆರಳಷ್ಟು ಮುಂದೆ ಜಿಗಿದು, ನಟ್ಟಿಗೆ ತಾಗಿ ಸಡಿಲವಾಗಿ ತೂಗಾಡುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಆದರೂ ಮೈಮೇಲಿನ ರೋಮ ನಿಂತಿತ್ತು. ಸಾಹೇಬರು ಮಾತ್ರ ಕಾಣಲಿಲ್ಲ. ಜೀಪಿನ ಕೆಳಗಿನಿಂದ ಧ್ವನಿ ಬಂತು: "ಯಾರ್ರೀ ಗುಂಡು ಹೊಡೆದದ್ದು?"

ಎಬ್ಬಿಸಿ ಫ್ಯಾನು ತೋರಿಸಿದೆವು. ಅದನ್ನು ಒಂದು ಬೆರಳಿನಿಂದ ತಿರುಗಿಸಿ ನೋಡಿದರು. "ಬೋಟು ಇಲ್ಲೇ ಇರಲಿ," ಎಂದರು. ಡ್ರೈವರ್ ಕಡೆ ತಿರುಗಿ, "ನೀನೂ ಇರಯ್ಯ," ಎಂದರು. ಅವನು ಒಡೆದ ಹೋಳುಗಳ ನಡುವೆಯೇ ಕುಸಿದು ಕೂತು ಅತ್ತುಬಿಟ್ಟ.

ನಾನು ಸುಮ್ಮನಿರಬಹುದಿತ್ತು. "ಸಾರ್, ಇದರಲ್ಲಿ ಪವಾಡವೇನಿಲ್ಲ. ಪುಲ್ಲರ್ ಬೆಳಗಿನಿಂದ ಎಳೆತದಲ್ಲಿತ್ತು. ಅಂಥ ಹೊತ್ತಿನಲ್ಲಿ ಒಂದು ಸಣ್ಣ ಪೆಟ್ಟು ಬಿದ್ದರೂ..." ಎಂದು ಐದು ನಿಮಿಷ ವಿವರಿಸಿದೆ.

ಸಾಹೇಬರು ತಲೆಗೂದಲಿನಿಂದ ಕಾಯಿ ಚೂರೊಂದನ್ನು ತೆಗೆದು, ಬಾಯಿಗೆ ಹಾಕಿಕೊಂಡು, ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲಾ ಸರಿ ಕಣ್ರೀ. ಒಂದು ಕಾಯಿ ಒಡೆಯೋಕೆ ಒಂದು ವಾರ ಯಾಕೆ ಬೇಕಾಯ್ತು?"