ಟ್ಯಾಂಕಿನ ಮೇಲೆ ಪೂರ್ಣ ಸಿಗ್ನಲ್

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವರು ಬಟ್ಟೆ ಹೊಲಿಯುವ ನನ್ನ ಸೋದರತ್ತೆ. ಅವರ ಬೀದಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲವೆಂಬ ದೂರು ಕಂಪನಿಯಲ್ಲಿ ಈವರೆಗೆ ಒಂದೂ ದಾಖಲಾಗಿಲ್ಲ. ಏಕೆಂದರೆ, ನಿಯಮದ ಪ್ರಕಾರ ದೂರನ್ನು ಸಿಗ್ನಲ್ ಇಲ್ಲದ ಜಾಗದಿಂದಲೇ, ಸಿಗ್ನಲ್ ಇಲ್ಲದ ಫೋನಿನಿಂದಲೇ ಕೊಡತಕ್ಕದ್ದು.

ಬೀದಿಯ ಕೊನೆಯಲ್ಲಿ ಟವರ್ ಇದೆ. ಅದರ ಆಂಟೆನಾಗಳೆಲ್ಲ ಹೆದ್ದಾರಿಯ ಕಡೆ ಮುಖ ಮಾಡಿವೆ. ಬೀದಿಯ ಪಾಲಿಗೆ ಬಂದಿರುವುದು ಬೆನ್ನು.

ಅತ್ತೆಯ ಮಗಳಿಗೆ ಬೇರೆ ಊರಿನಲ್ಲಿ ದಿನ ತುಂಬಿತ್ತು. ನೋವು ಶುರುವಾದ ಕೂಡಲೇ ಅಳಿಯ ಫೋನ್ ಮಾಡುವುದು, ಅತ್ತೆ ಬಸ್ ಹತ್ತುವುದು ಎಂದು ಮಾತಾಗಿತ್ತು. ಮೊದಲೇ ಹೋಗಿ ಕೂರೋಣವೆಂದರೆ ಒಪ್ಪಿಕೊಂಡ ಶಾಲಾ ಸಮವಸ್ತ್ರಗಳ ರಾಶಿ ಬಿಡಬೇಕಲ್ಲ. ಹಾಗಾಗಿ ಅತ್ತೆ ಮುಖ್ಯರಸ್ತೆಗೆ ಹೋಗಿ ಕಂಪನಿಗೆ ಫೋನ್ ಹಚ್ಚಿದರು.

"ಮೇಡಂ, ನಿಮ್ಮ ಧ್ವನಿ ಸ್ಪಷ್ಟವಾಗಿ ಕೇಳಿಸ್ತಿದೆ. ಸಿಗ್ನಲ್ ಅತ್ಯುತ್ತಮವಾಗಿದೆ."

"ನಾನಿರೋದು ರಸ್ತೇಲಿ ಕಣಮ್ಮಾ. ಮನೇಲಿ ಬರಲ್ಲ."

"ಹಾಗಾದ್ರೆ ದಯವಿಟ್ಟು ಮನೆಯಿಂದ ಕರೆ ಮಾಡಿ ತಿಳಿಸಿ, ಮೇಡಂ."

ಈ ಕರೆ 'ಮೆಚ್ಚುಗೆ' ಎಂದು ದಾಖಲಾಯಿತು. ಮೆಚ್ಚುಗೆಯನ್ನು ಖಚಿತಪಡಿಸಿಕೊಳ್ಳಲು ಇಂಜಿನಿಯರೊಬ್ಬರು ಬಂದರು. ಅವರ ಅಳತೆಯಂತ್ರ ಸಿಗ್ನಲ್ ಸಿಕ್ಕಿದ ಕಡೆ ಮಾತ್ರ ವರದಿ ಕಳಿಸುವಂಥದ್ದು. ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಸುತ್ತಿ, ತಾರಸಿ ಹತ್ತಿ, ಕೊನೆಗೆ ನೀರಿನ ಟ್ಯಾಂಕಿನ ಮೇಲೆ ತುದಿಗಾಲಲ್ಲಿ ನಿಂತು ಕೂಗಿದರು, "ಫುಲ್ ಇದೆಯಮ್ಮಾ!"

"ಹಾಗಂತ ಟ್ಯಾಂಕಿನ ಮೇಲೆ ಸಂಸಾರ ಹೂಡ್ಲೇನಪ್ಪಾ?"

"ಅದು ನಿಮ್ಮ ಮನೆ ವಿಚಾರ. ಮನೆಗೆ ಸಿಗ್ನಲ್ ಇದೆ. ಮನೆಯವರು ಅದರ ಹತ್ತಿರ ಇಲ್ಲ, ಅಷ್ಟೆ."

"ಆ ಆಂಟೆನಾನ ಒಂಚೂರು ಈ ಕಡೆ ತಿರುಗಿಸಿದ್ರೆ ಆಗಲ್ವಾ?"

"ತಿರುಗಿಸೋಕೆ ದೂರು ಇರ್ಬೇಕು. ನಿಮ್ದು ಮೆಚ್ಚುಗೆ."

ಬೀದಿಯ ಕಂಬಕ್ಕೆ ಪ್ರಕಟಣೆ ಅಂಟಿತು: "ಸದರಿ ಬೀದಿಗೆ ಪೂರ್ಣ ಸಿಗ್ನಲ್ ಒದಗಿಸಲಾಗಿದೆ. ಗ್ರಾಹಕರು ಸಿಗ್ನಲ್ ಇರುವಲ್ಲಿ ವಾಸಿಸತಕ್ಕದ್ದು. ಟ್ಯಾಂಕಿನಿಂದ ಜಾರಿ ಬಿದ್ದಲ್ಲಿ ಅದನ್ನು ತಾತ್ಕಾಲಿಕ ಅಡಚಣೆ ಎಂದು ಭಾವಿಸುವುದು."

ಅತ್ತೆ ಹೊಲಿಗೆ ಮೆಷಿನ್ನನ್ನು ತಾರಸಿಗೆ ಸಾಗಿಸಿ, ಫೋನನ್ನು ಟ್ಯಾಂಕಿನ ಮೇಲಿಟ್ಟು ಕಾದರು. ಸುದ್ದಿ ಕೇಳಿ ಬೀದಿಗೆ ಬೀದಿಯೇ ಏಣಿ ಹತ್ತಿತು. ಇಷ್ಟೊಂದು ಜನಪ್ರಿಯವಾದ ಟ್ಯಾಂಕನ್ನು ಕಂಡ ಕಂಪನಿ 'ಗಗನ ಪ್ಲಾನ್' ಎಂಬ ಹೊಸ ದರ ತಂದಿತು. ಎಲ್ಲರೂ ಕೊಂಡರು. ಎಲ್ಲರೂ ಒಟ್ಟಿಗೆ ಮಾತಾಡಹೊರಟಿದ್ದರಿಂದ ಯಾರ ಕರೆಯೂ ಹೋಗಲಿಲ್ಲ, ಯಾರಿಗೂ ಬರಲಿಲ್ಲ.

"ಸ್ವಲ್ಪ ಇಳೀರೋ ಮಾರಾಯರಾ! ನನ್ನ ಅಳಿಯ ಫೋನ್ ಮಾಡ್ತಾನೆ!" ಎಂದು ಅತ್ತೆ ಅಂಗಲಾಚಿದರು.

"ನಾವೂ ಗಗನ ಪ್ಲಾನೇ ಅಕ್ಕಾ," ಎಂದರು ನಿವೃತ್ತ ಗುಮಾಸ್ತರು, ಒಂದು ಮೆಟ್ಟಿಲೂ ಇಳಿಯದೆ.

ಮರುದಿನ ಮಧ್ಯಾಹ್ನ ಅಳಿಯನೇ ಏಣಿ ಹತ್ತಿ ಬಂದ. "ಅತ್ತೆ, ಹೆಣ್ಣುಮಗು. ಇಬ್ಬರೂ ಚೆನ್ನಾಗಿದಾರೆ. ನಿನ್ನೆಯಿಂದ ಒಂದೇ ಸಮನೆ ಒತ್ತಿದೀನಿ, ಬಿಝಿ. ಅಮ್ಮನ್ನ ಕರ್ಕೊಂಡೇ ಬನ್ನಿ ಅಂತ ಅವಳೇ ಅಟ್ಟಿದಳು."

"ನೋವು ತಿಂತಿದ್ದಾಗ ಕೈ ಹಿಡ್ಕೊಂಡಿದ್ದು ಯಾರು?"

"ನರ್ಸು."

ಅತ್ತೆ ಅರ್ಧ ಹೊಲಿದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ಬಸ್ ಹತ್ತಿದರು.

ಪ್ರಕರಣವನ್ನು ಪರಿಶೀಲಿಸಿದ ಕಂಪನಿ ಕೆಳಕಂಡಂತೆ ತೀರ್ಮಾನಿಸಿತು: ಕರೆ ಮಾಡಿದಾತ ತಲುಪಿದ್ದಾನೆ. ಸುದ್ದಿ ತಲುಪಿದೆ. ದಾರಿಯುದ್ದಕ್ಕೂ ಫೋನ್ ಆತನ ಜೇಬಿನಲ್ಲೇ ಇತ್ತು. ಆದ್ದರಿಂದ ಕರೆ ಯಶಸ್ವಿ. ಬಸ್ಸಿನಲ್ಲಿ ಕಳೆದ ಸಮಯವನ್ನು ಮಾತಿನ ಅವಧಿಯೆಂದು ಪರಿಗಣಿಸಲಾಗಿದೆ.

ಬೀದಿಯವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗ ಅಲ್ಲಿ ಹೆಣ್ಣು ಕೊಡುವವರು ವರನ ಸಂಬಳ ಕೇಳುವುದಿಲ್ಲ; ಬಸ್ ನಿಲ್ದಾಣ ಹತ್ತಿರವೇ, ಹುಡುಗ ಓಡಬಲ್ಲನೇ ಎಂದು ಕೇಳುತ್ತಾರೆ. "ನಮ್ಮ ಅಳಿಯ ಕಟ್ ಆಗಲ್ಲಮ್ಮ," ಎಂದು ಅತ್ತೆಯೂ ಹೆಮ್ಮೆಪಡುವುದನ್ನು ಕಲಿತಿದ್ದಾರೆ.

ಕೇಳಿದಿರಲ್ಲ, ಇನ್ನು ನೀವೂ ಎದ್ದು ಹೋಗಿ ಪಕ್ಕದ ಮನೆಯವರಿಗೆ ಇದನ್ನು ಹೇಳಿಬನ್ನಿ. ಫೋನು ಮಾತ್ರ ಜೇಬಿನಲ್ಲಿರಲಿ. ಇಲ್ಲದಿದ್ದರೆ ಕಂಪನಿ ಅದನ್ನು ಮಾತುಕತೆ ಎಂದು ಒಪ್ಪುವುದಿಲ್ಲ.