ಸುಗುಣಾಳ ಎಡಗಾಲು

ಮದುವೆಯಾಗಿ ಇಪ್ಪತ್ತಾರು ವರ್ಷಗಳಿಂದ ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಕಾರಣ ನಾನೇ. ಮಿಕ್ಸಿ ಕೆಟ್ಟರೆ ನಾನು, ಹಾಲು ಒಡೆದರೆ ನಾನು, ಸೇಲಂನಲ್ಲಿ ಬಿಸಿಲು ಜಾಸ್ತಿಯಾದರೂ ನಾನು. ಹೀಗಿರುವಾಗ ಕಾರಿನ ಕ್ಲಚ್ಚು ಜಾರತೊಡಗಿತು, ಮತ್ತು ಮೊಟ್ಟಮೊದಲ ಬಾರಿಗೆ ತಪ್ಪು ನನ್ನ ಹೆಂಡತಿ ಸುಗುಣಾಳದಾಯಿತು. ಆ ಪರಮಾನಂದವನ್ನು ನಾನು ಒಂದು ವಾರ ಪೂರ್ತಿ ಅನುಭವಿಸಿದೆ.

ಸಾಕ್ಷ್ಯವೂ ಗಟ್ಟಿಯಾಗಿತ್ತು. ಹೊಸದಾಗಿ ಲೈಸೆನ್ಸ್ ಪಡೆದಿದ್ದ ಸುಗುಣಾ, ಒಳ್ಳೆಯ ದಿನವೆಂದು ವಿಜಯದಶಮಿಯಂದೇ ಮೊದಲ ಸಲ ಒಬ್ಬಳೇ ಕಾರು ತೆಗೆದಿದ್ದಳು. ನಾಲ್ಕನೆಯ ದಿನ ನಾನು ತೊಪ್ಪೂರು ಘಾಟಿ ಹತ್ತುತ್ತಿದ್ದೇನೆ, ಇಂಜಿನ್ನು ಸಿಂಹದ ಹಾಗೆ ಗರ್ಜಿಸುತ್ತಿದೆ, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಖಾಲಿ ಟೊಮೇಟೊ ಕ್ರೇಟು ಹೇರಿದ್ದ ಮಿನಿ ಲಾರಿಯೊಂದು ನನ್ನನ್ನು ದಾಟಿಕೊಂಡು ಹೋಯಿತು. (ಕ್ರೇಟಿನ ಮೇಲೆ ಕೂತಿದ್ದವನು ಕೈ ಬೇರೆ ಬೀಸಿದ.)

ಮನೆಗೆ ಬಂದವನೇ ಫೋನಿನಲ್ಲಿ ಹನ್ನೊಂದು ವೀಡಿಯೊ ನೋಡಿ ಯಂತ್ರಶಾಸ್ತ್ರ ಪಾರಂಗತನಾದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಡಬೇಕು. ಕ್ಲಚ್ ಸರಿಯಿದ್ದರೆ ಇಂಜಿನ್ನು ಅಲ್ಲೇ ನಿಂತುಹೋಗಬೇಕು. ನಮ್ಮದು ನಿಲ್ಲಲಿಲ್ಲ, ಗುರ್ರೆನ್ನುತ್ತಲೇ ಇತ್ತು.

“ಪ್ಲೇಟ್ ಸವೆದೋಗೈತೆ,” ಎಂದು ತೀರ್ಪು ಕೊಟ್ಟೆ. “ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಓಡ್ಸಿದ್ರೆ ಇನ್ನೇನಾಯ್ತದೆ? ಎಲ್ಲಾ ನಿನ್ನ ಎಡಗಾಲಿನ ಕೆಲ್ಸ.”

“ನಾಕು ದಿನಕ್ಕೆ ಸವೆಯಾಕೆ ಅದೇನು ಸೋಪಾ?” ಎಂದಳು ಸುಗುಣಾ. “ರಿಪೇರಿ ಮಾಡ್ಸಿ ಸಾವಿ ನನ್ ಕೈಗೆ ಕೊಡಿ. ಶನಿವಾರ ಶನಿವಾರ ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡ್ ಬರ್ಬೇಕು.” (ಕೀಲಿಕೈಗೆ ನಮ್ಮ ಕಡೆ ಸಾವಿ ಎನ್ನುವುದು.)

“ಸಾವಿಯಾ? ಇನ್ಮೇಲೆ ಅದನ್ನ ಮುಟ್ಟಂಗಿಲ್ಲ!”

ಅವಳ ಮುಖ ಸಣ್ಣದಾಯಿತು. ಅತ್ತೆ ಸಪ್ಪಲಮ್ಮನವರಿಗೆ ಕಣ್ಣಿನ ಆಪರೇಶನ್ ಆಗಿ, ಸದ್ಯ ನಮ್ಮಲ್ಲೇ ಇದ್ದರು. ಇನ್ನು ಪಾಲಕೋಡಿಗೆ ಹೋದ ಮೇಲೆ ವಾರವಾರವೂ ಅವರನ್ನು ಸೇಲಂಗೆ ಕರೆತರಬೇಕು. ಅದಕ್ಕೆಂದೇ ಸುಗುಣಾ ಡ್ರೈವಿಂಗ್ ಕಲಿತದ್ದು. ಪಾಪ ಅನ್ನಿಸಿತು. ಆದರೆ ಇಪ್ಪತ್ತಾರು ವರ್ಷಕ್ಕೊಮ್ಮೆ ಸಿಕ್ಕ ಗೆಲುವನ್ನು ಬಿಡುವುದು ಹೇಗೆ?

ಗೆಲುವು ಸಾರ್ವಜನಿಕವಾಗಿರಲೆಂದು ತಾಯಿ ಮಗಳಿಬ್ಬರನ್ನೂ ಮೆಕ್ಯಾನಿಕ್ ಚಿನ್ನಸ್ವಾಮಿಯ ಶೆಡ್ಡಿಗೆ ಕರೆದುಕೊಂಡು ಹೋದೆ. ಪಾಪಿರೆಡ್ಡಿಪಟ್ಟಿಯ ಕಡೆಯವನು, ನಮ್ಮಂತೆಯೇ ಕನ್ನಡ ಮಾತಿನವನು. ಗೇರ್ ಬಾಕ್ಸ್ ಇಳಿಸಿ ಪ್ಲೇಟು ಕೈಯಲ್ಲಿ ಹಿಡಿದು ನಿಂತಿದ್ದ.

“ಎಲ್ರಿಗೂ ಕೇಳೋ ಅಂಗೆ ಏಳಪ್ಪ,” ಎಂದೆ. “ಯಾರ ತಪ್ಪು?”

“ಪ್ಲೇಟು ಸವೆದೇ ಇಲ್ಲ ಸಾರ್. ಎಣ್ಣೆ ಕುಡ್ಕೊಂಡ್ ಕೂತೈತೆ. ಗೇರ್ ಆಯಿಲ್ ಅಲ್ಲ, ಇಂಜಿನ್ ಆಯಿಲ್ಲೂ ಅಲ್ಲ. ಏನೋ ಅಡುಗೆಮನೆ ವಾಸ್ನೆ.”

“ಇತ್ತ ಕೊಡಪ್ಪ,” ಎಂದರು ಅತ್ತೆ. ಕಪ್ಪು ಕನ್ನಡಕ ಹಾಕಿದ್ದರು. ಮೂಗಿಗೆ ಆಪರೇಶನ್ ಆಗಿರಲಿಲ್ಲ. ಒಮ್ಮೆ ಮೂಸಿದರು. “ಎಳ್ಳೆಣ್ಣೆ. ನಮ್ಮೂರ ಗಾಣದ್ದು, ಬೆಲ್ಲ ಆಕಿ ಆಡ್ಸಿದ್ದು. ನಾನೇ ಕೊಟ್ಟ ಎಣ್ಣೆ ಇದು!”

ಆಗ ನನಗೆ ನೆನಪಾಯಿತು. ನೆನಪಾಗದಿದ್ದರೆ ಎಷ್ಟು ಚೆನ್ನಾಗಿತ್ತು!

ಆಯುಧ ಪೂಜೆಗೆ ನಮ್ಮಲ್ಲಿ ಮನೆಯ ಕಬ್ಬಿಣವನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಗಂಧ ಕುಂಕುಮ ಇಡುವುದು ಪದ್ಧತಿ. ಈಳಿಗೆಮಣೆ, ಅಡಕತ್ತರಿ, ಹೊಲಿಗೆ ಮೆಷೀನು ಎಲ್ಲಕ್ಕೂ ಹಚ್ಚಿದ್ದೆ. ಕಾರಿನ ಕ್ಲಚ್ಚು ಕಿರ್ರೆನ್ನುತ್ತಿತ್ತು. ವರ್ಷಪೂರ್ತಿ ದುಡಿದ ಕಬ್ಬಿಣಕ್ಕೆ ಒಂದು ತೊಟ್ಟು ಎಣ್ಣೆ ಬೇಡವೇ ಎಂದು ಬಾನೆಟ್ ಎತ್ತಿ, ಗೇರ್ ಬಾಕ್ಸ್ ಹತ್ತಿರ ರಬ್ಬರ್ ಮುಚ್ಚಳವೊಂದನ್ನು ಕಿತ್ತು, ಭಕ್ತಿಯಿಂದ ಸುರಿದಿದ್ದೆ. (ಒಂದು ತೊಟ್ಟಲ್ಲ. ಭಕ್ತಿ ಸ್ವಲ್ಪ ಹೆಚ್ಚಾಗಿತ್ತು.)

“ಕಾರಲ್ಲಿ ಎಲ್ಲದಕ್ಕೂ ಎಣ್ಣೆ ಆಕಬೌದು ಸಾರ್, ಬ್ರೇಕಿಗೂ ಕ್ಲಚ್ ಪ್ಲೇಟಿಗೂ ಮಾತ್ರ ಆಕಂಗಿಲ್ಲ,” ಎಂದ ಚಿನ್ನಸ್ವಾಮಿ. “ಒಂದಕ್ಕೊಂದು ಉಜ್ಜಾಡಿ ಇಡ್ಕೊಂಡ್ರೇನೆ ಗಾಡಿ ಓಡೋದು.”

(ನಮ್ಮ ಸಂಸಾರವೂ ಹಾಗೆಯೇ ಓಡುತ್ತಿರುವುದು.)

“ಎನ್ನ ಮಾಪ್ಳೆ ಇದು?” ಎಂದರು ಅತ್ತೆ. ಅಳಿಯನ ಮೇಲೆ ಕೋಪ ಬಂದರೆ ಅವರಿಗೆ ತಮಿಳೇ ಬರುವುದು. ಸುಗುಣಾ ಕೈ ಚಾಚಿದಳು. ಸಾವಿ ಕೊಟ್ಟೆ.

ಹೊಸ ಪ್ಲೇಟು ಹಾಕಿಸಿ, ಶನಿವಾರ ಆಸ್ಪತ್ರೆ ಮುಗಿಸಿ, ಅತ್ತೆಯನ್ನು ಪಾಲಕೋಡಿಗೆ ಬಿಡಲು ಹೊರಟೆವು. ಸುಗುಣಾಳ ಕೈಯಲ್ಲಿ ಕಾರು ತೊಪ್ಪೂರು ಘಾಟಿಯನ್ನು ಸಲೀಸಾಗಿ ಹತ್ತಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯುರಿಯೂ ಆಯಿತು. ನಿಜ ಹೇಳಬೇಕೆಂದರೆ ಹೊಟ್ಟೆಯುರಿಯೇ ಹೆಚ್ಚು. ಘಾಟಿಯ ತುದಿಯಲ್ಲಿ ಟೀ ಕುಡಿದ ನಂತರ, “ಇಲ್ಲಿಂದ ನಾನ್ ಓಡುಸ್ತೀನಿ,” ಎಂದೆ. ಮರುಮಾತಿಲ್ಲದೆ ಸಾವಿ ಕೊಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೊಸ ಕ್ಲಚ್ಚು ಕಾಲೆತ್ತುವುದರೊಳಗೆ ಹಿಡಿದುಬಿಡುತ್ತದೆ. ನನ್ನ ಕಾಲಿಗೋ ಜಾರುವ ಹಳೆಯ ಕ್ಲಚ್ಚೇ ಅಭ್ಯಾಸವಾಗಿತ್ತು. ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಕುಪ್ಪಳಿಸಿತು. ಮೂರನೆಯ ಸಲಕ್ಕೆ ಟೀ ಅಂಗಡಿಯವನೂ ಇಬ್ಬರು ಲಾರಿ ಡ್ರೈವರುಗಳೂ ಗ್ಲಾಸು ಹಿಡಿದು ನೋಡಲು ಬಂದರು.

“ಸುಗುಣಾ,” ಎಂದರು ಅತ್ತೆ, “ನೀನು ಕಲಿವಾಗ ಅಂಟಿಸ್ತಿದ್ದ ಎಲ್ ಬೋರ್ಡು ಡಿಕ್ಕೀಲಿ ಐತಲ್ಲ, ಅದನ್ನ ಮುಂದ್ಕೊಂದು ಇಂದ್ಕೊಂದು ಅಂಟ್ಸಮ್ಮ. ಲಾರಿಯೋರು ಸ್ವಲ್ಪ ದೂರ ಇರ್ಲಿ.”

ಅಂಟಿಸಿಯೇಬಿಟ್ಟಳು. ಇಪ್ಪತ್ತೆರಡು ವರ್ಷ ಕಾರು ಓಡಿಸಿದ ನಾನು ಕೆಂಪು ಎಲ್ ಬೋರ್ಡು ಹೊತ್ತು ಧರ್ಮಪುರಿ ದಾಟಿ, ಪಾಲಕೋಡಿನ ಅತ್ತೆಯ ಬೀದಿಗೆ ಬಂದಿಳಿದೆ. ಪಕ್ಕದ ಮನೆಯ ಪಳನಿಯಮ್ಮ ಬಾಗಿಲಿಗೆ ಬಂದು ಬೋರ್ಡು ನೋಡಿದರು, ನನ್ನನ್ನು ನೋಡಿದರು.

“ಪರ್ವಾಗಿಲ್ವೇ ಸುಗುಣಾ, ಈ ವಯಸ್ಸಲ್ಲೂ ಗಂಡಂಗೆ ಕಾರು ಕಲಿಸ್ಬುಟ್ಟಿದೀಯ!”

ಸುಗುಣಾ ಸಾವಿ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

“ಇನ್ನೂ ಪೂರ್ತಿ ಬಂದಿಲ್ಲ ಅಕ್ಕಾ. ಬರೋ ಶನಿವಾರ ನಾನೊಬ್ಳೇ ಬತ್ತೀನಿ.”