ಸೈಕ್ಲೋ ಕ್ರಾಸ್ ಇಳಿಯೋರು ಯಾರ್ರೀ?

ನಾನು ಸುಮ್ಮನೆ ಜಗಲಿ ಮೇಲೆ ಕೂತಿದ್ದರೂ ನಗೋ ಅಂಥ ಸಂಗತಿ ಎಲ್ಲಿಂದಲೋ ಬಂದು ನನ್ನ ಕಾಲಿಗೇ ತೊಡರಿಕೊಳ್ಳುತ್ತೆ. ಅವ್ವನ್ನ ಕೇಳಿದರೆ, "ಅದು ತೊಡರ್ಕೊಳದಲ್ಲ, ನೀನೇ ಕಾಲು ಚಾಚ್ಕಂಡು ಕೂತಿರ್ತೀಯ" ಅಂತಾಳೆ. ಹೋದ ಚಳಿಗಾಲದ ರೇಸಿನ ವಿಷಯದಲ್ಲಿ ಮಾತ್ರ ಕಾಲು ಚಾಚಿದ್ದು ಹುಣಸೂರಿನ ಡ್ರಿಲ್ ಮೇಷ್ಟ್ರು. ನಾನು ಎಡವಿದೆ, ಅಷ್ಟೆ.

೧. ಹೊಸ ಸ್ಟಾಪು

ನಮ್ಮೂರು ಇರೋದು ಪಿರಿಯಾಪಟ್ಟಣದಿಂದ ರಾವಂದೂರಿಗೆ ಹೋಗೋ ದಾರಿಯಲ್ಲಿ. ನಮ್ಮ ಕಡೆ ಕ್ರಾಸ್ ಅಂದರೆ ಒಂದೇ ಅರ್ಥ. ಊರಿನ ಮಣ್ಣು ರಸ್ತೆ ಟಾರು ರಸ್ತೆಗೆ ಸೇರೋ ಜಾಗ. ಅಲ್ಲಿ ಬಸ್ಸು ನಿಲ್ಲುತ್ತೆ, ಒಂದು ಟೀ ಅಂಗಡಿ ಇರುತ್ತೆ.

ಆ ಟೀ ಅಂಗಡಿಗೇ ಮೇಷ್ಟ್ರು ಬಂದು, ಚಳಿಗಾಲದಲ್ಲಿ ಸೈಕ್ಲೋ ಕ್ರಾಸ್ ರೇಸು ಮಾಡ್ತೀವಿ ಅಂದರು. ಹೊಲ, ಕೆಸರು, ಕಾಲುವೆ, ಎಲ್ಲದರ ಮೇಲೂ ಸೈಕಲ್ ಓಡಿಸಬೇಕು. ಓಡಿಸೋಕೆ ಆಗದ ಕಡೆ ಹೆಗಲ ಮೇಲೆ ಹೊತ್ತುಕೊಂಡು ಓಡಬೇಕು.

ಟೀ ಅಂಗಡಿಯವನು ಲೋಟ ತೊಳೆಯೋದು ನಿಲ್ಲಿಸಿದ. "ಸೈಕಲ್ಲು ನಮ್ಮನ್ನ ಹೊರ್ಲಿ ಅಂತ ಅಲ್ವಾ ಸಾ ತಗೊಳದು?"

"ಕಷ್ಟದಲ್ಲಿ ನಾವು ಅದನ್ನ ಹೊರಬೇಕು. ಅದೇ ರೂಲ್ಸು."

"ಅಂಗಾರೆ ಸಂಸಾರ ಇದ್ದಂಗೆ ಬುಡಿ."

ಮೇಷ್ಟ್ರು ರೇಸು ಮುಗಿಯೋ ಜಾಗ ಗೊತ್ತಾಗಲಿ ಅಂತ ಕ್ರಾಸಿನ ಹೊಂಗೆ ಮರಕ್ಕೆ 'ಸೈಕ್ಲೋ ಕ್ರಾಸ್' ಅಂತ ಬೋರ್ಡು ಹೊಡೆಸಿ ಹೋದರು. ಮಾರನೇ ದಿನ ನಾನು ಪಟ್ಟಣದಲ್ಲಿ ಬಸ್ಸು ಹತ್ತಿ, ಮುಖ ನೆಟ್ಟಗಿಟ್ಟುಕೊಂಡು, "ಒಂದ್ ಸೈಕ್ಲೋ ಕ್ರಾಸ್" ಅಂದೆ. ಆ ಕಂಡಕ್ಟರಿಗೆ ತನಗೆ ಗೊತ್ತಿಲ್ಲದ ಸ್ಟಾಪೇ ಇಲ್ಲ ಅನ್ನೋ ಜಂಬ. ಒಂದು ಗಳಿಗೆ ನನ್ನ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟ. ಬೋರ್ಡು ಕಂಡದ್ದೇ ಸೀಟಿ ಊದಿ, "ಸೈಕ್ಲೋ ಕ್ರಾಸ್ ಇಳಿಯೋರು ಯಾರ್ರೀ?" ಅಂತ ಕೂಗಿದ.

ಕಿಟಕಿ ಪಕ್ಕದ ಯಜಮಾನರೊಬ್ಬರು, ಇದ್ಯಾವ ಹೊಸ ಊರು ಅಂತ ಕೇಳಿದರು.

"ಹೊಸದಲ್ಲ ಸ್ವಾಮಿ, ಹಳೇ ಸ್ಟಾಪೇ" ಅಂದ ಕಂಡಕ್ಟರು. "ಈಗ ಬೋರ್ಡ್ ಹಾಕವ್ರೆ, ಅಷ್ಟೆ."

೨. ಅರ್ಧ

ಊರಲ್ಲಿ ನನಗೆ 'ಅರ್ಧ' ಅಂತ ಹೆಸರು. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟೆ. ಟೈಲರ್ ಕೆಲಸ ಕಲಿಯೋಕೆ ಹೋಗಿ ಒಂದು ತೋಳಿನ ಅಂಗಿ ಹೊಲಿದು ಬಂದೆ. ಮನೆಗೆ ಸುಣ್ಣ ಬಳಿ ಅಂದರೆ ಬೀದಿಗೆ ಕಾಣೋ ಗೋಡೆ ಮಾತ್ರ ಬಳಿದೆ. "ಯಾವ್ದಾದ್ರೂ ಒಂದ್ನ ಪೂರ್ತಿ ಮಾಡವ್ನಾ ಇವ್ನು?" ಅಂತ ಅಪ್ಪ ಬಂದವರನ್ನೆಲ್ಲ ಕೇಳುತ್ತಿದ್ದ. ಬಂದವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದರೂ ಅದೂ ನನ್ನ ಲೆಕ್ಕಕ್ಕೇ.

ಆಗಷ್ಟೇ ಅಪ್ಪ ಹಳೇ ಮೊಪೆಡ್ ತಗೊಂಡಿದ್ದ. ಡೈರಿಗೆ ಹಾಲು ಹೊರುತ್ತಿದ್ದ ಸೈಕಲ್ಲು ಖಾಲಿ ನಿಂತಿತ್ತು. ಕೆ.ಆರ್. ನಗರದ ಮಾವನಿಗೆ ಅದರ ಮೇಲೆ ಕಣ್ಣು, ನನಗೆ ಪ್ರಾಣ.

ರೇಸಿಗೆ ಹೆಸರು ಕೊಟ್ಟಿದ್ದೀನಿ ಅಂದೆ. ಅಪ್ಪ ಎಲೆ ಅಡಿಕೆ ಉಗಿದು ಬಂದು ಹೇಳಿದ: "ಪೂರ್ತಿ ಮುಗ್ಸು, ಸೈಕಲ್ ನಿಂದು. ಅರ್ಧಕ್ಕೆ ಬುಟ್ಟು ಬಂದ್ಯೋ, ಸೀದಾ ನಿಮ್ಮಾವನ ಮನೆಗೆ."

"ಫಸ್ಟ್ ಬಂದ್ರೆ?"

"ಮೊದ್ಲು ಬಾ. ಫಸ್ಟು ಆಮೇಲೆ ನೋಡಾನ."

೩. ಕರೆದದ್ದು ಯಾರು?

ರೇಸಿನ ಹಿಂದಿನ ದಿನ ರೇಡಿಯೋದಲ್ಲಿ ಸೈಕ್ಲೋನ್ ಅಂದರು. ಟೀ ಅಂಗಡಿಯವನು ಮೇಷ್ಟ್ರ ಮೇಲೆ ಹರಿಹಾಯ್ದ. "ದಿನಾ ಸೈಕ್ಲೋ ಸೈಕ್ಲೋ ಅಂತ ಕರೀತಿದ್ರಲ್ಲ, ಬಂತು ನೋಡಿ. ಒಂದಕ್ಷರ ಜಾಸ್ತೀನೇ ತಂದದೆ."

ಬೆಳಗ್ಗೆ ಎದ್ದರೆ ಗಾಳಿ, ಮಳೆ, ಮಂಜು ಮೂರೂ ಒಟ್ಟಿಗೆ. ಕೋಳಿಗಳೇ ಗೂಡಿಂದ ಇಳಿದಿರಲಿಲ್ಲ. ಬಾಯಿ ತೆರೆದರೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆಯ ಹಾಗೆ ಹೊಗೆ. ಅವ್ವ ಬೇಡ ಅಂದಳು. ಊರಿನವರು ಬೇಡ ಅಂದರು. ಅಷ್ಟು ಜನ ಬೇಡ ಅಂದ ಮೇಲೆ ಹೋಗದೆ ಇರೋಕಾಗುತ್ತಾ?

ನನ್ನ ಗೆಣೆಕಾರ, ಪಂಚರ್ ಅಂಗಡಿಯವನು, ಕೊಪ್ಪದ ಟಿಬೆಟಿನವರ ಹತ್ತಿರ ತಗೊಂಡಿದ್ದ ಮಂಕಿ ಕ್ಯಾಪು ಹಾಕಿಕೊಂಡು ಬಂದ. ಸಾಲಿನಲ್ಲಿ ನಮ್ಮ ಪಕ್ಕ ಮೈಸೂರಿನ ಒಬ್ಬರು. ಗೇರ್ ಸೈಕಲ್ಲು, ಮೈಗಂಟಿದ ಚಿಕ್ಕ ಚಡ್ಡಿ. ನನ್ನ ಗೆಣೆಕಾರ ಮರ್ಯಾದೆಯಿಂದ ಅವರ ಕಿವಿ ಹತ್ತಿರ ಹೋದ.

"ಅಣ್ಣಾ, ಗಡಿಬಿಡೀಲಿ ಪ್ಯಾಂಟ್ ಹಾಕೋದು ಮರ್ತಿದ್ದೀರಿ. ಓಡಿ, ಇನ್ನೂ ಟೈಮದೆ."

೪. ತುಳಿಯೋದು

ಸೀಟಿ ಊದಿದರು. ಅರ್ಧ ಮೈಲಿಗೇ ಕೆಂಪು ಕೆಸರು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲುಗಳೆಲ್ಲ ಮೊಂಡು ಎತ್ತಿನ ಹಾಗೆ ನಿಂತವು. ಮೈಸೂರಿನವರ ಗೇರಿನೊಳಗೆ ಇಡೀ ಬದುವೇ ಹೊಕ್ಕಿತ್ತು. ಚಳಿಗೆ ಬೆರಳು ಸೆಟೆದುಕೊಂಡು ಯಾರಿಗೂ ಬ್ರೇಕು ಹಿಡಿಯೋಕೆ ಬರುತ್ತಿರಲಿಲ್ಲ. ನನಗೆ ಆ ತೊಂದರೆ ಇಲ್ಲ, ನನ್ನ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ.

ದಾರಿ ಒಂದು ಹುರುಳಿ ಹೊಲದ ಅಂಚಿನಲ್ಲಿ ಹಾದು ಹೋಗುತ್ತಿತ್ತು. ಮೇಷ್ಟ್ರು ಹೊಲದ ಅಜ್ಜಿಯ ಮಗನನ್ನ ಕೇಳಿದ್ದರು, ಅಜ್ಜಿಯನ್ನ ಕೇಳಿರಲಿಲ್ಲ. ಆ ಅಜ್ಜಿ ಕಂಬಳಿ ಕೊಪ್ಪೆ ಹೊದ್ದು, ಕೋಲೂರಿಕೊಂಡು ಬಂದು ನನ್ನ ಕ್ಯಾರಿಯರ್ ಹಿಡಿದುಕೊಂಡಳು.

"ಏನ್ಲಾ ತುಳೀತಿದ್ದೀಯಾ?"

"ಸೈಕಲ್ ಕಣಜ್ಜಿ."

"ಕೆಳಗೆ ನೋಡ್ಲಾ. ಹುಳ್ಳಿ ತುಳೀತಿದ್ದೀಯ."

"ನಾನು ಸೈಕಲ್ ತುಳೀತೀನಿ, ಹುಳ್ಳಿ ತುಳಿಯೋದು ಸೈಕಲ್ಲು. ಅದನ್ನ ಬಯ್ಯಿ."

ಅಜ್ಜಿ ಒಪ್ಪಲಿಲ್ಲ. ಕೊನೆಗೆ ಸೈಕಲ್ ಹೊತ್ತುಕೊಂಡು ಬದುವಿನ ಮೇಲೆ ನಡೆದೆ. ಹಿಂದೆ ಬಂದ ಮೈಸೂರಿನವರು ಅವಳಿಗೆ ಇಂಗ್ಲಿಷ್‌ನಲ್ಲಿ ಸಾರಿ ಅಂದರು. ಅವಳಿಗೆ ಕೇಳಿಸಿದ್ದು 'ಸಾರು'.

"ಮೊದ್ಲು ಹುಳ್ಳಿ ತುಳುದ್ಬುಟ್ಟು, ಆಮೇಲೆ ಸಾರು ಬೇರೆ ಕೇಳ್ತೀಯಾ?" ಅಂತ ಅವರನ್ನ ಅಲ್ಲೇ ಕೂರಿಸಿದಳು. ಆದರೂ ಒಳ್ಳೆಯವಳು. ನಡುಗುತ್ತಿದ್ದವರಿಗೆ ಕೊನೆಗೆ ಸಾರನ್ನೇ ಕೊಟ್ಟು ಕಳಿಸಿದಳಂತೆ.

೫. ಪೂರ್ತಿ

ಕಾಲುವೆ ಏರಿಯ ಮೇಲೆ ನಾನು ಜಾರಿದೆ. ಮುಂದಿನ ಚಕ್ರ ಕಲ್ಲಿಗೆ ಬಡಿದು ಹಪ್ಪಳದ ಹಾಗೆ ಮಡಚಿಕೊಂಡಿತು. ಫೋರ್ಕಿಗೆ ಸಿಕ್ಕಿ ಅಲ್ಲಾಡದ ಅದನ್ನ ಬಿಚ್ಚಿದೆ. ಕೈ ಮರಗಟ್ಟಿತ್ತು. ಚಕ್ರ ಜಾರಿ ಕಾಲುವೆಗೆ ಬಿತ್ತು, ನನ್ನ ಕಡೆ ತಿರುಗಿಯೂ ನೋಡದೆ ಹೊರಟು ಹೋಯಿತು.

ಅಷ್ಟರಲ್ಲಿ ಮೇಷ್ಟ್ರ ಜೀಪು ಬಂತು. ಸೋತವರನ್ನೆಲ್ಲ ತುಂಬಿಕೊಂಡು ಬರುತ್ತಿತ್ತು. ಒಳಗೆ ಮೈಸೂರಿನವರು ಅಜ್ಜಿಯ ಕಂಬಳಿಯೊಳಗೆ ನಡುಗುತ್ತಿದ್ದರು. ನನ್ನ ಗೆಣೆಕಾರನ ಕ್ಯಾಪು ತಿರುಗಿ ಹಿಂದುಮುಂದಾಗಿತ್ತು, ಜೀಪು ಯಾವ ಕಡೆ ಹೋಗುತ್ತಿದೆ ಅನ್ನೋದೂ ಅವನಿಗೆ ಗೊತ್ತಿರಲಿಲ್ಲ.

"ಹತ್ತಯ್ಯ. ಮುಂದೆ ಹೋದವರು ಆಗಲೇ ಮುಗಿಸಿ ಮನೆ ಸೇರಿದ್ರು" ಅಂದರು ಮೇಷ್ಟ್ರು.

"ನಾನು ಹತ್ತಲ್ಲ ಸಾ."

"ಈ ಚಳೀಲಿ ಸಾಯ್ತೀಯ ಕಣೋ."

"ಸತ್ರೂ ಪೂರ್ತಿ ಸಾಯ್ತೀನಿ ಸಾ. ಅರ್ಧಕ್ಕೆ ಬುಡಾದು ಸಾಕಾಗದೆ."

ಜೀಪು ಹೋಯಿತು. ಉಳಿದ ಸೈಕಲ್ಲನ್ನ ಹೆಗಲಿಗೇರಿಸಿದೆ. ಗಾಳಿ ಹಿಂದಕ್ಕೆ ತಳ್ಳಿದರೆ ನಾನು ಮುಂದಕ್ಕೆ ಬೈದೆ. ಚಳಿಗೆ ಬೈದೆ, ಮಾವನಿಗೆ ಬೈದೆ, ಒಂಬತ್ತನೇ ಕ್ಲಾಸಿನ ಲೆಕ್ಕಕ್ಕೂ ಬೈದೆ. ಬೈಗುಳ ಮುಗಿಯೋ ಹೊತ್ತಿಗೆ ಹೊಂಗೆ ಮರ ಕಂಡಿತು.

ಶಾಮಿಯಾನ ಹಾರಿ ಹೋಗಿತ್ತು. ಮೇಷ್ಟ್ರು ಟೀ ಅಂಗಡಿಯಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದರು. ಬೋರ್ಡಿನ ಕೆಳಗೆ ಗೋಣಿಚೀಲ ಹೊದ್ದು ನಿಂತಿದ್ದವನು ಅಪ್ಪ ಒಬ್ಬನೇ. ಅದೇ ಹೊತ್ತಿಗೆ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು, "ಸೈಕ್ಲೋ ಕ್ರಾಸ್ ಇಳಿಯೋರು ಯಾರ್ರೀ?" ಅಂತ ಕೂಗಿ, ಸೀಟಿ ಊದಿದ. ನಾನು ಗೆರೆ ದಾಟಿದೆ. ಬಸ್ಸಿನ ತುಂಬಾ ಜನ ನೋಡುತ್ತಿದ್ದರು. ಇಷ್ಟು ಸಾಕ್ಷಿ ಫಸ್ಟ್ ಬಂದವನಿಗೂ ಸಿಕ್ಕಿಲ್ಲ.

ಅಪ್ಪ ನನ್ನನ್ನ ನೋಡಿದ. ಹೆಗಲ ಮೇಲಿದ್ದದ್ದನ್ನ ನೋಡಿದ. ಸುತ್ತ ಒಂದು ಸುತ್ತು ಬಂದ.

"ರೇಸು ಪೂರ್ತಿ ಮುಗಿಸ್ದೆ, ಒಪ್ಕೊಂಡೆ" ಅಂದ. "ಸೈಕಲ್ ಯಾಕ್ಲಾ ಅರ್ಧ ತಂದಿದ್ದೀಯ?"

ಹಲ್ಲು ಕಟಕಟ ಅಂತಿದ್ದರೂ ಬಾಯಿ ಮಾತ್ರ ಮರಗಟ್ಟಿರಲಿಲ್ಲ. "ಇದು ನನ್ನ ಪಾಲು ಕಣಪ್ಪ" ಅಂದೆ. "ಮಾವನ ಪಾಲನ್ನ ಕಾಲುವೇಲಿ ಬುಟ್ಟಿವ್ನಿ. ತಾನೇ ಕೆ.ಆರ್. ನಗರದ ಕಡೆ ಹೋಯ್ತಾ ಅದೆ, ಇಳಿಸ್ಕೊಳಾಕೆ ಹೇಳು."